ಕೆಂಪು ಬಾಳೆಹಣ್ಣಿಗೆ ಎರಡು ಕ್ಯಾಮೆರಾ

"ಮೇಡಂ, ಇದರಾಗ ಮಂದಿ ಎಲ್ಲಿ ಅದಾರ್ರಿ?"

ಹೋದ ವಾರ ಸೋಮವಾರ ನಮ್ಮ ಕಲಬುರಗಿಯ ಒಂದು ಕಲರ್ ಲ್ಯಾಬಿನಲ್ಲಿ ಆಪರೇಟರ್ ನನಗೆ ಕೇಳಿದ ಪ್ರಶ್ನೆ ಇದು. ಅವನ ಕಂಪ್ಯೂಟರ್ ಪರದೆಯ ತುಂಬ ಒಂದು ಚಿಪ್ಪು ಬಾಳೆಹಣ್ಣು. ಪಕ್ಕದಲ್ಲಿ ಮಡಚಿಟ್ಟ ಕಪ್ಪು ಛತ್ರಿ. ಕೆಳಗೆ ಬಿಳಿ ಟವೆಲ್. ಮುಂದಿನ ಫೋಟೋ ತೆರೆದ. ಅದರಲ್ಲೂ ಬಾಳೆಹಣ್ಣು, ಛತ್ರಿ, ಟವೆಲ್. ಅದರ ಮುಂದಿನದರಲ್ಲೂ ಅದೇ.

"ಮಂದಿ ಇಲ್ಲ. ಹಣ್ಣಷ್ಟೇ," ಅಂದೆ.

"ಹಣ್ಣಿಗಿ ಪಾಸ್‌ಪೋರ್ಟ್ ಮಾಡಸ್ತೀರೇನ್ರಿ?"

ಅಕ್ಕಪಕ್ಕ ನಿಂತವರು ನಕ್ಕರು. ನಾನು ನಗಲಿಲ್ಲ. ನನ್ನ ಹಿಂದೆ ನಿಂತಿದ್ದ ತಮ್ಮ ಸಿದ್ರಾಮನಂತೂ ಪರೀಕ್ಷೆಯ ರಿಸಲ್ಟಿಗೆ ಬಂದವನ ಹಾಗೆ ಉಗುಳು ನುಂಗುತ್ತಿದ್ದ. ಆ ಬಾಳೆಹಣ್ಣಿನ ಫೋಟೋ ಮೇಲೆ ಅವನ ಕಸುಬು ನಿಂತಿತ್ತು.

ನನ್ನ ಗುಣ ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ. ತರಕಾರಿ ತೂಗುವಾಗ ನಾನು ತರಕಾರಿ ನೋಡುವವಳಲ್ಲ, ತಕ್ಕಡಿಯ ತಳ ನೋಡುವವಳು. 'ಅಸಲಿ' ಎಂದು ಬರೆದ ಡಬ್ಬಿ ಕಂಡರೆ ನನಗೆ ಮೊದಲು ಅನುಮಾನ ಹುಟ್ಟುವುದೇ ಆ ಪದದ ಮೇಲೆ. ಅಸಲಿ ಆಗಿದ್ದರೆ ಬರೆಯುವ ಜರೂರು ಏನಿತ್ತು? ಮನೆಯವರು ನನಗೆ 'ಸಿಐಡಿ ಬಾಯಿ' ಎಂದು ಹೆಸರಿಟ್ಟು ಬಹಳ ಕಾಲವಾಯಿತು. (ಅವರು ಆ ಹೆಸರನ್ನು ಯಾವಾಗ, ಯಾಕೆ ಇಟ್ಟರು ಎಂಬುದರ ಬಗ್ಗೆಯೂ ನನಗೆ ಅನುಮಾನವಿದೆ. ಅದು ಬೇರೆ ವಿಷಯ.)

ಈ ಗುಣವನ್ನು ಬೈಯದೆ, ಬೇಕೆಂದೇ ಕೇಳಿಕೊಂಡು ಬಂದವನು ಸಿದ್ರಾಮ ಒಬ್ಬನೇ.

"ಅಕ್ಕಾ, ಕ್ಯಾಮೆರಾ ತಗೋಬೇಕಾಗೇದ. ನೀ ಜೋಡಿ ಬಾ. ನಿನಗ ಎಲ್ಲಾರ ಮ್ಯಾಲೂ ಸಂಶಯ ಬರ್ತದ. ನನಗ ಯಾರ ಮ್ಯಾಲೂ ಬರೂದಿಲ್ಲ. ನಾ ಒಬ್ಬನೇ ಹೋದ್ರ ಮೋಸ ಹೋಗ್ತೀನಿ."

ಸಿದ್ರಾಮನದು ಕಮಲಾಪುರದಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಒಂದು ಫೋಟೋ ಸ್ಟುಡಿಯೋ. ಇಷ್ಟು ವರ್ಷ ರೀಲ್ ಹಾಕಿಯೇ ಮದುವೆ, ತೊಟ್ಟಿಲು, ನಿಶ್ಚಯ ಎಲ್ಲ ತೆಗೆದ. ಈಗ ಗಿರಾಕಿಗಳು ಹೊಸ್ತಿಲು ದಾಟುವ ಮೊದಲೇ ಕೇಳುತ್ತಾರೆ, "ಡಿಜಿಟಲ್ ಅದನೇನ್ರಿ?" ಇಲ್ಲ ಅಂದರೆ ಕಾಲು ಹಿಂದಕ್ಕೆ. ಶರಣಸಿರಸಗಿಯ ಒಂದು ಮನೆಯವರು ಮದುವೆಗೆ ಇವನನ್ನೇ ಕರೆದಿದ್ದರು. ಆದರೆ ಒಂದೇ ಷರತ್ತು: ಫೋಟೋ ಕೂಡಲೇ ಕ್ಯಾಮೆರಾದ ಹಿಂದೆ ಕಾಣಬೇಕು.

ತಗೊಂಡರಾಯಿತು, ಅದರಲ್ಲೇನಿದೆ ಅನ್ನುತ್ತೀರಾ? ಇದೆ.

ಸಿದ್ರಾಮನ ಹತ್ತಿರ ಒಂದು ಉದ್ದದ ಲೆನ್ಸ್ ಇದೆ. ಅದನ್ನು ಹಿಡಿದು ಅವನು ಮದುವೆ ಮಂಟಪದ ಕೊನೆಯಲ್ಲಿ, ಊಟದ ಪಂಕ್ತಿಯ ಹತ್ತಿರ ಎಲ್ಲೋ ನಿಂತಿರುತ್ತಾನೆ. ಅಷ್ಟು ದೂರದಿಂದ ತೆಗೆಯುತ್ತಾನೆ. ಕ್ಯಾಮೆರಾ ಹತ್ತಿರ ಬಂದರೆ ಸೆರಗು ಮುಖಕ್ಕೆ ಎಳೆದುಕೊಂಡು ಗೋಡೆಯಂತೆ ನಿಲ್ಲುವ ನಮ್ಮ ಹೆಣ್ಣುಮಕ್ಕಳು, ಅವನ ಫೋಟೋಗಳಲ್ಲಿ ಬಾಯ್ತುಂಬ ನಗುತ್ತಿರುತ್ತಾರೆ. ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳುತ್ತಿರುತ್ತಾರೆ. ಮದುಮಗಳ ತಾಯಿ ಯಾರೂ ನೋಡುತ್ತಿಲ್ಲವೆಂದುಕೊಂಡು ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ. ಜನ ಸಿದ್ರಾಮನನ್ನು ಕರೆಯುವುದು ಅದಕ್ಕಾಗಿಯೇ. ಆ ಲೆನ್ಸ್ ಇಲ್ಲದಿದ್ದರೆ ಅವನೂ ಎಲ್ಲರಂತೆ ಮುಖದ ಹತ್ತಿರ ಬಂದು "ಸ್ಮೈಲ್ ಪ್ಲೀಸ್" ಅನ್ನುವ ಫೋಟೋಗ್ರಾಫರ್.

ಈಗ ತೊಡಕು ನೋಡಿ. ಒಂದು ಕಂಪನಿಯ ಲೆನ್ಸ್ ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ಕೂಡುವುದಿಲ್ಲ. ಸಿದ್ರಾಮನ ಲೆನ್ಸ್ ಯಾವ ಕಂಪನಿಯದೋ ಅದೇ ಕಂಪನಿಯ ಡಿಜಿಟಲ್ ಬಾಡಿ, ಅಂದರೆ ಕ್ಯಾಮೆರಾದ ಮೈ, ತಗೊಂಡರೆ ಲೆನ್ಸ್ ಉಳಿಯುತ್ತದೆ. ಅದನ್ನು 'ಹಳೇ ಕಂಪನಿ' ಅನ್ನೋಣ. ಆದರೆ ಎಲ್ಲರೂ ಹೇಳುವುದು 'ಹೊಸ ಕಂಪನಿ'ಯ ಸೆನ್ಸರ್ ಮೇಲು ಅಂತ. ಹೊಸದಕ್ಕೆ ಹೋದರೆ ಈ ಉದ್ದ ಲೆನ್ಸನ್ನು ಅಂಗಡಿಯವನಿಗೆ ಎಕ್ಸ್‌ಚೇಂಜ್ ಕೊಡಬೇಕು. ಕೊಡದೆ ಹೊಸದನ್ನು ಕೊಳ್ಳುವ ತಾಕತ್ತು ಅವನಿಗಿಲ್ಲ. ಹೊಸ ಕಂಪನಿಯದೇ ಇನ್ನೊಂದು ಉದ್ದ ಲೆನ್ಸ್ ಕೊಳ್ಳುವುದಂತೂ ದೂರದ ಮಾತು.

ಸೆನ್ಸರ್ ಅಂದರೆ ಏನು ಅನ್ನುವವರಿಗೆ ಒಂದು ಮಾತು. ಮೊದಲು ರೀಲ್ ಕೂಡುತ್ತಿದ್ದ ಜಾಗದಲ್ಲಿ ಈಗ ಅಂಚೆಚೀಟಿಯಷ್ಟು ಒಂದು ಫಲಕ ಕೂತಿದೆ. ಬೆಳಕು ಹಿಡಿಯುವುದು ಅದರ ಕೆಲಸ. ರೀಲ್ ಆದರೆ ಇವತ್ತು ಈ ಕಂಪನಿ, ನಾಳೆ ಆ ಕಂಪನಿ ಎಂದು ಬದಲಿಸಬಹುದಿತ್ತು. ಸೆನ್ಸರ್ ಹಾಗಲ್ಲ. ಕ್ಯಾಮೆರಾ ಸಾಯುವವರೆಗೂ ಅದೇ. ಒಮ್ಮೆ ಕಟ್ಟಿಕೊಂಡರೆ ಕಟ್ಟಿಕೊಂಡಂತೆ.

ನಾವಿಬ್ಬರೂ ಮೊದಲು ಹೋದದ್ದು ಸೈಬರ್ ಕೆಫೆಗೆ. ಇಂಟರ್ನೆಟ್ಟಿನಲ್ಲಿ ಈ ಎರಡೂ ಕ್ಯಾಮೆರಾಗಳ ಸೆನ್ಸರ್ ಹೋಲಿಸಿ ಪುಟಗಟ್ಟಲೆ ಬರೆದಿದ್ದರು. ಗ್ರಾಫುಗಳು, ಕಂಬಗಳು, ಏರುವ ಗೆರೆ, ಇಳಿಯುವ ಗೆರೆ. ಕತ್ತಲಲ್ಲಿ ಯಾವುದರಲ್ಲಿ ಚುಕ್ಕೆಗಳು ಹೆಚ್ಚು ಬರುತ್ತವೆ, ಬಿಳಿ ಮತ್ತು ಕಪ್ಪು ಒಟ್ಟಿಗೆ ಬಂದಾಗ ಯಾವುದು ಎರಡನ್ನೂ ಸಂಭಾಳಿಸುತ್ತದೆ ಎಂದೆಲ್ಲ. ಸಾಕ್ಷಿಗೆ ಕೊಟ್ಟ ಫೋಟೋಗಳು ಯಾವುವು? ಗಾಜಿನ ಸೀಸೆ, ಇಸ್ಪೀಟ್ ಎಲೆ, ಬಣ್ಣದ ಪೆನ್ಸಿಲ್.

"ಪೆನ್ಸಿಲ್ ಮದುವಿ ಯಾರು ಮಾಡ್ತಾರ ಅಕ್ಕಾ?" ಅಂದ ಸಿದ್ರಾಮ.

ನನ್ನ ಅನುಮಾನ ಬೇರೆ. ಇಷ್ಟೆಲ್ಲ ಕಷ್ಟಪಟ್ಟು ಬರೆದವನಿಗೆ ಆ ಕ್ಯಾಮೆರಾಗಳನ್ನು ಕೊಟ್ಟವರು ಯಾರು? ಕಂಪನಿಯವರೇ ಕೊಟ್ಟಿದ್ದರೆ, ಬೀಗರ ಮನೆಯಲ್ಲಿ ಉಂಡು ಬಂದವನು ಅಡುಗೆಗೆ ಉಪ್ಪು ಕಡಿಮೆ ಎಂದು ಬರೆಯುತ್ತಾನೆಯೇ?

ಅಲ್ಲಿಂದ ಖಾದರ್ ಭಾಯಿಯ ಅಂಗಡಿಗೆ ಹೋದೆವು. ಸಿದ್ರಾಮ ರೀಲ್ ಕೊಳ್ಳುತ್ತಿದ್ದದ್ದೆಲ್ಲ ಅಲ್ಲೇ. ಖಾದರ್ ಭಾಯಿ ಎರಡೂ ಕ್ಯಾಮೆರಾಗಳನ್ನು ಗಾಜಿನ ಮೇಲೆ ಮಲಗಿಸಿ, "ದೇಖೋ ಬಾಯಿ, ನಮ್ದೇನದ? ನಾವು ಎರಡೂ ಮಾರ್ತೀವಿ. ಹೊಸಾದು ಮೆಗಾಪಿಕ್ಸೆಲ್ ಜ್ಯಾದಾ ಅದ. ಆ ಉದ್ದ ಲೆನ್ಸ್ ಕೊಡ್ರಿ, ಚೊಲೋ ರೇಟ್ ಹಚ್ಚಿ ತಗೋತೀನಿ," ಅಂದರು.

ನಾವು ಲೆನ್ಸಿನ ಮಾತೇ ಎತ್ತಿರಲಿಲ್ಲ. ಇವರಿಗೆ ಅದು ಯಾಕೆ ಬೇಕು?

"ನಾವು ಫೋಟೋ ತೆಗೆದು ನೋಡಬೇಕು," ಅಂದೆ.

"ಕೋಟೆ ಮುಂದ ಹೋಗಿ ತಗೀರಲ್ಲ. ಇಲ್ಲೇ ಅದ. ಬಿಸಿಲು ಹೆಂಗ ಬಿದ್ದದ ನೋಡ್ರಿ!"

ನನಗೆ ಮತ್ತೆ ಅನುಮಾನ. ಕಲಬುರಗಿಯ ಬಿಸಿಲಲ್ಲಿ ಆಟಿಕೆ ಕ್ಯಾಮೆರಾವೂ ಚೆನ್ನಾಗಿ ತೆಗೆಯುತ್ತದೆ. ಸೆನ್ಸರಿನ ಬಂಡವಾಳ ಬಯಲಾಗುವುದು ಬೆಳಕು ಸಾಲದಾಗ, ಅಂದರೆ ನಮ್ಮ ಕಲ್ಯಾಣ ಮಂಟಪಗಳ ಟ್ಯೂಬ್‌ಲೈಟಿನಲ್ಲಿ. ಹಾಗಂದಾಗ ಖಾದರ್ ಭಾಯಿ, "ಹಂಗಾರ ಎರಡೂ ಒಯ್ರಿ. ನಾಳಿ ಐತವಾರ, ದುಕಾನ್ ಬಂದ್. ಸೋಮವಾರ ತಂದು ಕೊಡ್ರಿ," ಅಂದುಬಿಟ್ಟರು.

ಇಷ್ಟು ಸುಲಭವಾಗಿ ಯಾಕೆ ಕೊಟ್ಟರು? ಬಸ್ಸಿನಲ್ಲಿ ಕೂತಾಗಲೂ ನಾನು ಇದನ್ನೇ ಕೇಳಿದೆ. "ಹನ್ನೆರಡೂ ತಿಂಗಳ ಗಿರಾಕಿ ಇದ್ದೀನಿ ಅಕ್ಕಾ, ಅದಕ್ಕ ಕೊಟ್ಟಾರ," ಅಂದ ಸಿದ್ರಾಮ. ಎಷ್ಟು ಮುಗ್ಧ ನೋಡಿ.

ಭಾನುವಾರ ಕಮಲಾಪುರದ ಮನೆಯಲ್ಲಿ ಪರೀಕ್ಷೆ. ಏನನ್ನು ತೆಗೆಯುವುದು? ಮನುಷ್ಯರು ಬೇಡ ಅಂದೆ ನಾನು. ಅಲುಗಾಡುತ್ತಾರೆ, ಮೊದಲ ಫೋಟೋಕ್ಕೆ ನಕ್ಕು ಎರಡನೆಯದಕ್ಕೆ ಆಕಳಿಸುತ್ತಾರೆ. ಸಿದ್ರಾಮ ಒಳಗೆ ಹೋಗಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದ.

"ಇದು ಅಲುಗಾಡೂದಿಲ್ಲ. ಮದುವ್ಯಾಗ ಎಲ್ಲಾ ಕೆಂಪೇ ಇರ್ತದ. ಸೀರಿ ಕೆಂಪು, ಕುಂಕುಮ ಕೆಂಪು. ಡಿಜಿಟಲ್‌ನ್ಯಾಗ ಕೆಂಪೇ ಮೊದಲು ಕೆಡ್ತದಂತ. ನಮ್ಮೂರ ಹಣ್ಣಿನ ಕೆಂಪು ನನಗ ಕಣ್ಣು ಮುಚ್ಚಿದ್ರೂ ಗೊತ್ತಾಗ್ತದ."

ಮಾತು ಸರಿ ಅನ್ನಿಸಿತು. ಮದುಮಗನ ಬಿಳಿ ಧೋತರಕ್ಕೆ ಬದಲಾಗಿ ಟವೆಲ್, ಮದುಮಗಳ ತಲೆಗೂದಲಿಗೆ ಬದಲಾಗಿ ಕಪ್ಪು ಛತ್ರಿ, ನಡುವೆ ಹಣ್ಣು, ಎಲ್ಲ ಒಂದು ಸ್ಟೂಲಿನ ಮೇಲೆ. ಕಿಟಕಿ ಮುಚ್ಚಿ ಟ್ಯೂಬ್‌ಲೈಟ್ ಹಾಕಿದೆವು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ. ದೂರ ಅದೇ, ಸ್ಪೀಡ್ ಅದೇ, ಕತ್ತಲಲ್ಲಿ ಸೆನ್ಸರಿನ ಶಕ್ತಿ ಏರಿಸುವ ಐಎಸ್‌ಓ ಅದೇ. ಬಣ್ಣದ ಸೆಟ್ಟಿಂಗು ಎರಡರಲ್ಲೂ ಟ್ಯೂಬ್‌ಲೈಟಿನದೇ. ನೋಡಲು ಕಟ್ಟುನಿಟ್ಟಾದ ಪರೀಕ್ಷೆ. ಬೋರ್ಡ್ ಪರೀಕ್ಷೆಯಲ್ಲೂ ಇಷ್ಟು ನಿಗಾ ಇರುವುದಿಲ್ಲ.

ನಮ್ಮ ಅವ್ವ ಮಂಚದ ಮೇಲೆ ಕೂತು, "ಹಣ್ಣು ತಿನ್ನೂದು ಬಿಟ್ಟು ಅದರ ಮುಂದ ಏನ್ ಪೂಜಿ ಹಚ್ಚೀರಿ?" ಎಂದು ಕೇಳಿದಳು.

ಹೊಸ ಕಂಪನಿಯದು ಮೊದಲು ಎಂದು ಹಟ ಹಿಡಿದವಳು ನಾನು. ಸಿದ್ರಾಮನ ಮನಸ್ಸು ಹಳೇ ಕಂಪನಿಯ ಕಡೆಗಿದೆ, ಲೆನ್ಸ್ ಉಳಿಯಲಿ ಅಂತ, ಅವನಿಗೆ ಗೊತ್ತಿಲ್ಲದೆಯೇ ಬೆರಳು ಪಕ್ಷಪಾತ ಮಾಡೀತು. ಹೌದು, ಸ್ವಂತ ತಮ್ಮನ ಮೇಲೂ ಅನುಮಾನ. ಅದಕ್ಕೇ ತಾನೇ ಅವನು ನನ್ನನ್ನು ಕರೆದದ್ದು?

ಹೊಸ ಕಂಪನಿಯ ಕ್ಯಾಮೆರಾದಲ್ಲಿ ತೆಗೆದು ಮುಗಿಸಿದ. ಅದನ್ನು ಕಳಚಿ ಹಳೇ ಕಂಪನಿಯದನ್ನು ಸ್ಟ್ಯಾಂಡಿಗೆ ಏರಿಸಿದ.

ಕರೆಂಟ್ ಹೋಯಿತು.

ಕಮಲಾಪುರದಲ್ಲಿ ಕರೆಂಟ್ ಹೋದರೆ ಯಾರೂ ಗಾಬರಿಯಾಗುವುದಿಲ್ಲ. ಚಹಾ ಆಯಿತು, ಮಂಡಕ್ಕಿಯ ಸುಸಲಾ ಆಯಿತು. ನಾವು ಅಂಗಳದಲ್ಲಿ ಕೂತು ಗಾಳಿ ಹಾಕಿಕೊಂಡೆವು. ಕರೆಂಟ್ ಬಂದ ಕೂಡಲೇ ಮತ್ತೆ ಹೋದೀತು ಎಂದು ಓಡಿ ಬಂದು, ಸಿದ್ರಾಮ ಪಟಪಟನೆ ಉಳಿದ ಫೋಟೋ ತೆಗೆದ. ಅವನ ಕಣ್ಣು ಕ್ಯಾಮೆರಾದ ಮೇಲೆ. ನನ್ನ ಕಣ್ಣು ಅವನ ಬೆರಳಿನ ಮೇಲೆ.

ಸಂಜೆ ಬಸ್ಸಿಗೆ ಹೊರಡುವ ಮೊದಲು ಸಿದ್ರಾಮನ ಹೆಂಡತಿ ಮಹಾನಂದಾ ನನಗೆ ಉಡಿ ತುಂಬಿದಳು. ತವರಿಗೆ ಬಂದ ಮಗಳು ಬರಿಯ ಮಡಿಲಲ್ಲಿ ಹೋಗಬಾರದು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ, ಹಣ್ಣು. ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಫೋಟೋಗಳಿದ್ದ ಮೆಮೊರಿ ಕಾರ್ಡುಗಳನ್ನು ಪರ್ಸಿನ ಒಳಜೇಬಿನಲ್ಲಿಟ್ಟುಕೊಂಡು ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಬಂದೆ. (ಕಾರ್ಡನ್ನು ತಮ್ಮನ ಹತ್ತಿರ ಬಿಡಲಿಲ್ಲ. ಕಾರಣ ಬಿಡಿಸಿ ಹೇಳಬೇಕೆ?)

ಮರುದಿನ ಲ್ಯಾಬಿನ ಕಥೆ ಮೊದಲೇ ಹೇಳಿದೆನಲ್ಲ. ಪ್ರಿಂಟ್ ಹಾಕುವ ಮೊದಲು ನಾನು ಕಟ್ಟುನಿಟ್ಟಾಗಿ ಹೇಳಿದೆ, "ಬಣ್ಣ ತಿದ್ದಬಾರದು. ಹೇಗಿದೆಯೋ ಹಾಗೇ ಬರಬೇಕು."

ಆಪರೇಟರ್‌ಗೆ ಅವಮಾನವಾಯಿತು. "ಮೇಡಂ, ಕರೆಕ್ಷನ್ ಇಲ್ಲದ ಫೋಟೋ ಈ ಊರಾಗ ಯಾರೂ ಒಯ್ದಿಲ್ರಿ. ಹುಡುಗಿ ಇದ್ರ ಬೆಳ್ಳಗ ಮಾಡ್ತೀವಿ, ಮುಖದ ಮ್ಯಾಲ ಕಲಿ ಇದ್ರ ತಗೀತೀವಿ."

"ಹಣ್ಣಿಗೆ ಏನೂ ಮಾಡಬೇಡಿ."

ಪ್ರಿಂಟ್ ಬಂದವು. ಹೊಸ ಕಂಪನಿಯದರಲ್ಲಿ ಹಣ್ಣು ಬೆಂಕಿ ಕೆಂಪು, ಹೊಳೆಯುವ ಹಾಗೆ. ಹಳೇ ಕಂಪನಿಯದರಲ್ಲಿ ಮಂಕು. ಕೆಂಪು ಕಪ್ಪಿಗೆ ತಿರುಗಿತ್ತು, ಒಣಗಿದ ರಕ್ತದ ಬಣ್ಣ. ಛತ್ರಿಯ ಕಪ್ಪಿನಲ್ಲೂ ಚುಕ್ಕೆಗಳು ತುಸು ಹೆಚ್ಚೇ ಇದ್ದಂತೆ ಕಂಡವು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕುರುಡನೂ ಹೇಳುತ್ತಿದ್ದ ಯಾವುದು ಮೇಲು ಅಂತ.

ಸಿದ್ರಾಮ ಎರಡನ್ನೂ ಬೆಳಕಿಗೆ ಹಿಡಿದು ನೋಡಿದ. ಮುಖ ಇಳಿದುಹೋಯಿತು.

"ನಮ್ಮ ಕಂಪನಿ ಸೆನ್ಸರ್ ಕೆಂಪು ನುಂಗ್ತದ ಅಕ್ಕಾ. ಮದುಮಗಳ ಸೀರಿ ಹಿಂಗ ಬಂದ್ರ ಮಂದಿ ನನಗ ಬಡೀತಾರ. ನಾಳಿ ಲೆನ್ಸ್ ಕೊಟ್ಟು ಹೊಸಾದೇ ತಗೋತೀನಿ."

"ಅವಸರ ಮಾಡಬೇಡ," ಅಂದೆ.

"ಇನ್ನೇನ್ ನೋಡೂದದ? ಮನಷ್ಯಾ ಸುಳ್ಳು ಹೇಳ್ತಾನ, ಸೆನ್ಸರ್ ಹೇಳೂದಿಲ್ಲ."

ಎರಡೂ ಕ್ಯಾಮೆರಾ ವಾಪಸ್ ಕೊಟ್ಟ. ನಾಳೆ ಬರುತ್ತೇನೆ ಎಂದು ಖಾದರ್ ಭಾಯಿಗೆ ಹೇಳಿ ಬಸ್ ಹತ್ತಿದ. ನನಗೆ ಸಂಕಟವಾಯಿತು. ಶರಣಸಿರಸಗಿಯ ಮದುವೆಯಲ್ಲಿ ಅವನು ಮದುಮಗಳ ತಾಯಿಯ ಮುಖದ ಹತ್ತಿರ ಹೋಗಿ "ಅವ್ವಾ, ಇಕಡಿ ನೋಡ್ರಿ" ಅನ್ನುವುದು, ಆಕೆ ಥಟ್ಟನೆ ಕಣ್ಣೊರೆಸಿಕೊಂಡು ನೆಟ್ಟಗೆ ನಿಲ್ಲುವುದು ಕಣ್ಣ ಮುಂದೆ ಬಂತು.

ಸಂಜೆ ಮನೆಯಲ್ಲಿ ಫೋಟೋಗಳನ್ನು ಮತ್ತೆ ಹರಡಿಕೊಂಡು ಕೂತೆ. ಲ್ಯಾಬಿನಲ್ಲಿ ಬಣ್ಣ ನೋಡಿದ್ದೆ. ಈಗ ಹಣ್ಣು ನೋಡಿದೆ. ಹೊಸ ಕಂಪನಿಯ ಫೋಟೋದಲ್ಲಿ ಮೊದಲ ಹಣ್ಣಿನ ಮೇಲೆ ಒಂದು ಕಲೆ ಇತ್ತು, ಉಗುರು ತಾಗಿದಂಥ ಬಾಗಿದ ಗೀರು. ಹಳೇ ಕಂಪನಿಯ ಫೋಟೋದಲ್ಲಿ ಆ ಕಲೆ ಇಲ್ಲ!

ಸಿಕ್ಕಿಬಿದ್ದ! ಆ ಲ್ಯಾಬಿನವನೇ! 'ಕಲಿ ಇದ್ರ ತಗೀತೀವಿ' ಅಂದಿದ್ದನಲ್ಲ, ಅಭ್ಯಾಸಬಲದಿಂದ ಬಾಳೆಹಣ್ಣಿನ ಮೇಲಿನ ಕಲೆಯನ್ನೂ ಒರೆಸಿದ್ದಾನೆ. ಕಲೆ ಒರೆಸಿದವನು ಬಣ್ಣ ಬಿಟ್ಟಿರುತ್ತಾನೆಯೇ? ಅವನಿಗೂ ಖಾದರ್ ಭಾಯಿಗೂ ಏನು ಸಂಬಂಧ? ಲ್ಯಾಬ್ ಮತ್ತು ಅಂಗಡಿ ಒಂದೇ ರಸ್ತೆಯಲ್ಲಿವೆ. ಹತ್ತಿರಕ್ಕೆ ಹತ್ತಿರ. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ.

"ಎಲ್ಲಿ ಹೊಂಟಿ?" ಅಂದರು ಮನೆಯವರು. ಬಾಯಲ್ಲಿ ಏನೋ ತುಂಬಿಕೊಂಡಿತ್ತು.

ನೋಡಿದರೆ ನನ್ನ ಉಡಿಯ ಬಾಳೆಹಣ್ಣು. ತಾಟಿನಲ್ಲಿ ಉಳಿದ ಚಿಪ್ಪು. ಅದರ ಮೊದಲ ಹಣ್ಣಿನ ಮೇಲೆ ಉಗುರು ತಾಗಿದಂಥ ಬಾಗಿದ ಗೀರು.

ಫೋಟೋವನ್ನು ತಾಟಿನ ಪಕ್ಕ ಹಿಡಿದೆ. ಅದೇ ಗೀರು. ಅದೇ ಹಣ್ಣು. ಚಪ್ಪಲಿ ಬಿಟ್ಟು ಕಮಲಾಪುರಕ್ಕೆ ಫೋನ್ ಹಚ್ಚಿದೆ. ಎತ್ತಿದವಳು ಮಹಾನಂದಾ.

"ನಿನ್ನೆ ಕರೆಂಟ್ ಹೋದಾಗ ಸ್ಟೂಲ್ ಮೇಲಿನ ಹಣ್ಣು ಯಾರಾದರೂ ತೆಗೆದಿದ್ದರೇನವ್ವಾ?"

"ನಾನೇ ತಗದೆನ್ರಿ ಅಕ್ಕಾರ," ಎಂದಳು ಆಕೆ, ಏನೂ ಆಗದವಳಂತೆ. "ಅದು ನಿಮ್ಮ ಉಡಿ ಸಂಬಂಧ ಆರಿಸಿ ಇಟ್ಟಿದ್ದೆ. ಚೊಲೋ ಮಾಗಿದ್ದು ಅದೊಂದೇ ಚಿಪ್ಪು ಇತ್ತು. ಇವರು ಕೇಳದೇ ತಂದು ಛತ್ರಿ ಬಾಜೂಕ ಇಟ್ಟಿದ್ರು. ಉಡಿ ಹಣ್ಣು ಹಂಗ ಕರೀ ಛತ್ರಿ ಬಾಜೂಕ ಇಡ್ತಾರೇನ್ರಿ? ಅದನ್ನ ಒಳಗ ಒಯ್ದು, ಇನ್ನೊಂದು ಚಿಪ್ಪು ಇಟ್ಟೆ. ಅದು ಇನ್ನಾ ಜರಾ ಕಾಯಿ ಇತ್ತು. ಯಾಕ್ರಿ, ಹಣ್ಣು ಹುಳಿ ಆಗ್ಯಾವೇನು?"

ನಮ್ಮ ಕೆಂಪು ಬಾಳೆ ಕಾಯಿ ಇದ್ದಾಗ ಕಪ್ಪುಗೆಂಪು. ಮಾಗುತ್ತ ಬಂದಂತೆ ಬೆಂಕಿ ಬಣ್ಣ. ಇದು ಕಮಲಾಪುರದ ಕೂಸಿಗೂ ಗೊತ್ತು. ಕಣ್ಣು ಮುಚ್ಚಿ ಕೆಂಪು ಗುರುತಿಸುವ ಸಿದ್ರಾಮನಿಗೆ ಮಾತ್ರ ಕಣ್ಣು ತೆರೆದಾಗ ಗೊತ್ತಾಗಿರಲಿಲ್ಲ.

ಈಗ ನನ್ನ ಪಾಡು ಯೋಚಿಸಿ. ನಾನು ಇಂಟರ್ನೆಟ್ಟಿನವನನ್ನು ಅನುಮಾನಿಸಿದೆ. ಖಾದರ್ ಭಾಯಿಯನ್ನು, ಲ್ಯಾಬಿನವನನ್ನು, ಒಡಹುಟ್ಟಿದವನ ಬೆರಳನ್ನು ಅನುಮಾನಿಸಿದೆ. ಕಳ್ಳ ಎಲ್ಲಿದ್ದಾನೆ ಎಂದು ಹುಡುಕಿದೆ. ಕಳ್ಳನೇ ಇರಲಿಲ್ಲ! ಹೊಸ ಕ್ಯಾಮೆರಾ ಮಾಗಿದ ಹಣ್ಣನ್ನು ಮಾಗಿದ ಹಾಗೇ ತೋರಿಸಿತ್ತು. ಹಳೇ ಕಂಪನಿಯದು ಕಾಯಿಯನ್ನು ಕಾಯಿಯ ಹಾಗೇ ತೋರಿಸಿತ್ತು. ಎರಡೂ ಸೆನ್ಸರ್ ಸತ್ಯ ಹೇಳಿದ್ದವು. ಲ್ಯಾಬಿನವನೂ ಹೇಳಿದ ಮಾತು ಕೇಳಿದ್ದ. ಮಹಾನಂದಾ ಮಾಡಿದ್ದು ನನ್ನ ಮೇಲಿನ ಪ್ರೀತಿಗೆ. ಎಲ್ಲರೂ ಪ್ರಾಮಾಣಿಕರೇ. ತೀರ್ಪು ಮಾತ್ರ ತಪ್ಪು.

ನನಗೆ ಇದು ಮೋಸಕ್ಕಿಂತ ಹೆದರಿಕೆಯ ವಿಷಯ ಅನ್ನಿಸಿತು. ಮೋಸ ಮಾಡುವವನ ಕೈ ಹಿಡಿಯಬಹುದು. ಇದನ್ನು ಹಿಡಿಯುವುದು ಹೇಗೆ? ಸೀರೆ ಅಂಗಡಿಯಲ್ಲಿ ನಾವು ಒಂದು ಸೀರೆಯನ್ನು ಬಾಗಿಲಿಗೆ ಒಯ್ದು ಬಿಸಿಲಲ್ಲಿ ನೋಡುತ್ತೇವೆ. ಇನ್ನೊಂದನ್ನು ನೋಡುವಷ್ಟರಲ್ಲಿ ಬೇಸರ ಬಂದು ಒಳಗೇ ನೋಡಿ ಬಿಡುತ್ತೇವೆ. ಮನೆಗೆ ಬಂದು, ಅಂಗಡಿಯವನು ಬಣ್ಣ ಬದಲಿಸಿದ ಎಂದು ಬೈಯುತ್ತೇವೆ. ಪಕ್ಕದ ಮನೆಯ ಮಗ ಗಣಿತದಲ್ಲಿ ಎಷ್ಟು ತೆಗೆದ ಎಂದು ನಮ್ಮ ಮಗನಿಗೆ ಹೇಳುತ್ತೇವೆ. ಅವನಿಗೆ ಟ್ಯೂಷನ್ ಇತ್ತು, ಇವನಿಗೆ ಆ ವಾರ ಟೈಫಾಯ್ಡ್ ಇತ್ತು ಅನ್ನುವುದು ನೆನಪಿರುತ್ತದೆಯೇ?

ಇರಲಿ. ಮಂಗಳವಾರ ಬೆಳಿಗ್ಗೆ ಉಳಿದ ಹಣ್ಣುಗಳನ್ನು ಚೀಲದಲ್ಲಿಟ್ಟುಕೊಂಡು (ಮನೆಯವರಿಂದ ಕಾಪಾಡಿಕೊಂಡು) ಖಾದರ್ ಭಾಯಿಯ ಅಂಗಡಿಗೆ ಹೋದೆ. ಸಿದ್ರಾಮ ಆಗಲೇ ಬಂದಿದ್ದ. ಲೆನ್ಸನ್ನು ಹೆಂಡತಿಯ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ನಾನು ಗಾಜಿನ ಕೌಂಟರ್ ಮೇಲೆ ಹಣ್ಣಿನ ಚಿಪ್ಪು ಇಟ್ಟೆ.

"ಏನ್ ಬಾಯಿ ಇದು? ಕ್ಯಾಮೆರಾ ದುಕಾನ್ ಅದ, ಹಣ್ಣಿನ ದುಕಾನ್ ನಹೀ," ಅಂದರು ಖಾದರ್ ಭಾಯಿ.

ಅದೇ ಹಣ್ಣು. ಎರಡಕ್ಕೂ ಅಂಗಡಿಯ ಒಂದೇ ಟ್ಯೂಬ್‌ಲೈಟ್. ಈ ಸಲ ಕರೆಂಟ್ ಹೋಗಲಿಲ್ಲ. ಈ ಸಲ ನಾನು ಹಣ್ಣಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಎರಡೂ ಕ್ಯಾಮೆರಾದಲ್ಲಿ ತೆಗೆದು ಅಂಗಡಿಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು. ಒಂದರ ಕೆಂಪು ತುಸು ಕಿತ್ತಳೆಗೆ ಹೊರಳುತ್ತಿತ್ತು. ಇನ್ನೊಂದರಲ್ಲಿ ತೀರ ಕತ್ತಲೆಯಲ್ಲಿ ಚುಕ್ಕೆ ತುಸು ಹೆಚ್ಚು. ಆ ಚುಕ್ಕೆ ಕಾಣಬೇಕಾದರೆ ಫೋಟೋವನ್ನು ಮೂಗಿಗೆ ಹಚ್ಚಿಕೊಂಡು ನೋಡಬೇಕು. ಮದುವೆ ಆಲ್ಬಮ್ಮನ್ನು ಹಾಗೆ ಯಾರು ನೋಡುತ್ತಾರೆ?

ಸಿದ್ರಾಮ ಬಟ್ಟೆ ಬಿಚ್ಚಿ ಉದ್ದ ಲೆನ್ಸನ್ನು ಹಳೇ ಕಂಪನಿಯ ಡಿಜಿಟಲ್ ಬಾಡಿಗೆ ಕೂಡಿಸಿದ. 'ಟಕ್' ಎಂದು ಕೂತಿತು. ಅದನ್ನು ಕಣ್ಣಿಗೆ ಹಿಡಿದು ರಸ್ತೆಯ ಆಚೆ ಕಡೆ ನೋಡಿದ. ಸೆನ್ಸರ್ ರೀಲಿಗಿಂತ ಚಿಕ್ಕದು, ಹಾಗಾಗಿ ಲೆನ್ಸ್ ಮೊದಲಿಗಿಂತ ಇನ್ನೂ ಹತ್ತಿರಕ್ಕೆ ಎಳೆಯುತ್ತದಂತೆ.

"ಅಕ್ಕಾ, ಇನ್ನ ಮ್ಯಾಲ ನಾ ಮಂಟಪದ ಹೊರಗೇ ನಿಂತು ತಗೀಬೇಕಾಗ್ತದ," ಅಂದು ನಕ್ಕ.

ಖಾದರ್ ಭಾಯಿ ಬಿಲ್ ಬರೆದರು. ಲೆನ್ಸ್ ಕೈತಪ್ಪಿದ್ದಕ್ಕೆ ಬೇಜಾರೂ ಪಡಲಿಲ್ಲ. ಯಾಕೆ ಪಡಲಿಲ್ಲ? ಯೋಚಿಸುತ್ತಿದ್ದೇನೆ.

ಮೊನ್ನೆ ಭಾನುವಾರ ಮತ್ತೆ ಕಮಲಾಪುರಕ್ಕೆ ಹೋಗಿದ್ದೆ. ಶರಣಸಿರಸಗಿಯ ಮದುವೆ ಚೆನ್ನಾಗಿ ಆಗಿತ್ತು. ಫೋಟೋಗಳಲ್ಲಿ ಸೀರೆ ಕೆಂಪಗಿತ್ತು, ಹೆಂಗಸರು ನಗುತ್ತಿದ್ದರು. ಸಿದ್ರಾಮ ಗೆದ್ದ ಗತ್ತಿನಲ್ಲಿದ್ದ. ಮಹಾನಂದಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಆಕೆಗೆ ಪಾಠ ಶುರು ಮಾಡಿದ.

"ನಿನ್ನ ಉಡಿ ಸಂಬಂಧ ನನ್ನ ಲೆನ್ಸ್ ಹೋಗ್ತಿತ್ತು, ಗೊತ್ತದನೇನು? ಎರಡು ಇಟ್ಟು ನೋಡೂವಾಗ ಒಂದು ಕಾಯ್ದೆ ಇರ್ತದ. ಎರಡಕ್ಕೂ ಹಣ್ಣು ಒಂದೇ ಇರಬೇಕು. ಬೆಳಕು ಒಂದೇ ಇರಬೇಕು. ಇಲ್ಲಂದ್ರ ಯಾವುದು ಚೊಲೋ, ಯಾವುದು ಕೆಟ್ಟ ಅನ್ನೂ ಮಾತೇ ಆಡಬಾರದು. ಅಷ್ಟೂ ತಿಳೀಬಾರದೇನು?"

ಮಂಚದ ಮೇಲಿಂದ ಅವ್ವ ದನಿಗೂಡಿಸಿದಳು. "ಆಕಿಗಿ ಎಲ್ಲಿ ತಿಳೀಬೇಕೋ? ನಮ್ಮ ಮಗಳು ನೋಡು, ಒಂದು ಗೀರು ನೋಡಿ ಹಿಡದಳು. ಮೊದಲಿಂದೂ ಆಕಿ ಚುರುಕು, ಕೈ ಚೊಕ್ಕ, ಮಾತು ಚೊಕ್ಕ. ಈಕಿ ಬಂದಾಗಿಂದ ಹೇಳಾಕತ್ತೀನಿ, ನಾದಿನಿ ನೋಡಿ ಕಲಿ ಅಂತ."

ನನಗೆ ಹಿತವೇ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ? ಹೊಗಳಿಕೆಯ ಮೇಲೆ ಮಾತ್ರ ನನಗೆ ಎಂದೂ ಅನುಮಾನ ಬಂದಿಲ್ಲ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಮಹಾನಂದಾ ಹಂಚಿನ ಮೇಲಿನ ರೊಟ್ಟಿ ಮಗುಚಿ, ಹಣೆಯ ಬೆವರನ್ನು ಮುಂಗೈಯಿಂದ ಒರೆಸಿಕೊಂಡಳು. ನನ್ನ ಕಡೆ ನೋಡಲಿಲ್ಲ, ಅವ್ವನ ಕಡೆಗೂ ನೋಡಲಿಲ್ಲ. ಗಂಡನನ್ನೇ ನೋಡುತ್ತ, ದನಿ ಏರಿಸದೆ ಹೇಳಿದಳು:

"ಅಕ್ಕಾರು ಹಬ್ಬಕ್ಕ ಬಂದು ಉಡಿ ತುಂಬಿಸ್ಕೊಂಡು ಹೋಗೋ ಮಗಳು. ನಾ ದಿನಾ ಒಲಿ ಮುಂದ ಕೂಡೋ ಸೊಸಿ. ಇಷ್ಟು ವರ್ಷ ಇಬ್ಬರನೂ ಬಾಜೂಕ ಇಟ್ಟೇ ನೋಡಾಕತ್ತೀರಿ. ಬಾಳೆಹಣ್ಣಿಗಿ ಕಾಯ್ದೆ ಮಾಡೀರಿ, ಚೊಲೋ ಆತು. ಅದು ನನಗ ಯಾವಾಗಿಂದ ಲಾಗೂ ಆಗ್ತದ್ರೀ?"